ಶ್ರೀಗಂಧ ಮತ್ತು ಚಿರತೆ: ವರ್ಗೀಕರಣ ಹಾಗೂ ಸಂರಕ್ಷಣೆಯ ತುಲನಾತ್ಮಕ ಮಾಹಿತಿ – ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸಾರ್ವಜನಿಕರಿಗಾಗಿ

1. ಪೀಠಿಕೆ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಕಪಿಲಾ ಹಾಗೂ ಕಾವೇರಿ ನದಿಗಳ ನೀರನ್ನು ಆಶ್ರಯಿಸಿದ ಕೃಷಿ ಪ್ರದೇಶಗಳಾಗಿವೆ. ನಂಜನಗೂಡು ತಾಲ್ಲೂಕಿನ ಹೆಡಿಯಾಲ ಭಾಗವು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೊಂದಿಕೊಂಡಿದೆ. ತಿ. ನರಸೀಪುರ ತಾಲ್ಲೂಕಿನಲ್ಲಿ ದಟ್ಟವಾದ ಅರಣ್ಯವಿಲ್ಲ. ಅಲ್ಲಿರುವುದು ಗದ್ದೆ, ಕಬ್ಬಿನ ತೋಟ, ಕುರುಚಲು ಗುಡ್ಡ ಮತ್ತು ನದೀ ತೀರ. ಆದಾಗ್ಯೂ ಕಾನೂನಿನ ರಕ್ಷಣೆಯಲ್ಲಿರುವ ಎರಡು ಜೀವಿಗಳು ಈ ಎರಡೂ ತಾಲ್ಲೂಕುಗಳಲ್ಲಿ ಅರಣ್ಯದ ಹೊರಗೆ, ರೈತರ ಹಿಡುವಳಿ ಜಮೀನುಗಳಲ್ಲಿಯೇ ಕಂಡುಬರುತ್ತವೆ. ಅವುಗಳಲ್ಲಿ ಒಂದು ಸಸ್ಯವಾದ ಶ್ರೀಗಂಧ. ಮತ್ತೊಂದು ಸಸ್ತನಿಯಾದ ಚಿರತೆ.

ಇವೆರಡೂ ಜಾಗತಿಕ ಕೆಂಪು ಪಟ್ಟಿಯಲ್ಲಿ ಒಂದೇ ದರ್ಜೆಯಲ್ಲಿ ಸೇರಿವೆ. ಆದರೆ ಇವುಗಳಿಗೆ ಅನ್ವಯಿಸುವ ಕಾಯ್ದೆ, ಒಡೆತನದ ನಿಯಮ ಮತ್ತು ನಾಗರಿಕರು ಸಲ್ಲಿಸಬೇಕಾದ ಅರ್ಜಿ ಬೇರೆ ಬೇರೆಯಾಗಿವೆ. ಒಂದಕ್ಕೆ ಅನ್ವಯಿಸುವ ನಿಯಮವನ್ನು ಮತ್ತೊಂದಕ್ಕೆ ಅನ್ವಯಿಸಿಕೊಂಡು ಸಾರ್ವಜನಿಕರು ತೊಂದರೆಗೆ ಒಳಗಾಗಬಾರದೆಂಬ ಉದ್ದೇಶದಿಂದ ಈ ಮಾಹಿತಿಯನ್ನು ಒದಗಿಸಲಾಗಿದೆ.

2. ವೈಜ್ಞಾನಿಕ ವರ್ಗೀಕರಣ

ಜೀವಿಗಳಿಗೆ ಎರಡು ಪದಗಳ ವೈಜ್ಞಾನಿಕ ಹೆಸರು ನೀಡುವ ಪದ್ಧತಿಯನ್ನು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ ಅವರು ಬಳಕೆಗೆ ತಂದರು. ಶ್ರೀಗಂಧಕ್ಕೆ 1753ರಲ್ಲಿ, ಚಿರತೆಗೆ 1758ರಲ್ಲಿ ಅವರು ಹೆಸರು ನೀಡಿದರು. ಎರಡರ ವರ್ಗೀಕರಣವು ಕೆಳಕಂಡಂತಿದೆ.

ಸಾಮ್ರಾಜ್ಯ: ಶ್ರೀಗಂಧ – ಸಸ್ಯ ಸಾಮ್ರಾಜ್ಯ, ಚಿರತೆ – ಪ್ರಾಣಿ ಸಾಮ್ರಾಜ್ಯ.
ದೊಡ್ಡ ಗುಂಪು: ಶ್ರೀಗಂಧ – ಹೂಬಿಡುವ ಸಸ್ಯಗಳು, ಚಿರತೆ – ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಸಸ್ತನಿ ವರ್ಗ.
ಗಣ: ಶ್ರೀಗಂಧ – ಸಾಂಟಾಲೇಲ್ಸ್, ಚಿರತೆ – ಕಾರ್ನಿವೋರ, ಅಂದರೆ ಮಾಂಸಾಹಾರಿ ಗಣ.
ಕುಟುಂಬ: ಶ್ರೀಗಂಧ – ಸಾಂಟಾಲೇಸಿ, ಚಿರತೆ – ಫೆಲಿಡೆ, ಅಂದರೆ ಬೆಕ್ಕಿನ ಕುಟುಂಬ.
ಕುಲ: ಶ್ರೀಗಂಧ – ಸಾಂಟಾಲಮ್, ಚಿರತೆ – ಪ್ಯಾಂಥೆರ.
ಪ್ರಭೇದ: ಶ್ರೀಗಂಧ – ಸಾಂಟಾಲಮ್ ಆಲ್ಬಮ್; ಚಿರತೆ – ಪ್ಯಾಂಥೆರ ಪಾರ್ಡಸ್. ಭಾರತದ ಚಿರತೆಯನ್ನು ಫಸ್ಕ ಎಂಬ ಉಪಪ್ರಭೇದವಾಗಿ ಗುರುತಿಸಲಾಗಿದೆ.

ವರ್ಗೀಕರಣವು ಕೇವಲ ಪುಸ್ತಕದ ವಿಷಯವಲ್ಲ. ಒಂದು ಜೀವಿಯ ಬಂಧುಗಳು ಯಾರೆಂಬುದರಿಂದ ಅದರ ಬದುಕಿನ ಕ್ರಮವೂ ತಿಳಿಯುತ್ತದೆ. ಮಾವಿನ ಮರದ ಕೊಂಬೆಗಳ ಮೇಲೆ ಬೆಳೆಯುವ ಬಂದಳಿಕೆಯು ಶ್ರೀಗಂಧದ ಗಣಕ್ಕೇ ಸೇರಿದೆ. ಬಂದಳಿಕೆಯು ಕೊಂಬೆಯಿಂದ ಪಡೆಯುವುದನ್ನು ಶ್ರೀಗಂಧವು ನೆಲದೊಳಗೆ ಬೇರಿನ ಮೂಲಕ ಪಡೆಯುತ್ತದೆ. ಶ್ರೀಗಂಧದ ಎಲೆಗಳು ತಾವೇ ಆಹಾರವನ್ನು ತಯಾರಿಸಿಕೊಂಡರೂ ನೀರು ಮತ್ತು ಲವಣಾಂಶಗಳಿಗಾಗಿ ಅದರ ಬೇರುಗಳು ಪಕ್ಕದ ಗಿಡಗಳ ಬೇರುಗಳನ್ನು ಹಿಡಿಯುತ್ತವೆ. ಈ ಕಾರಣದಿಂದ ಶ್ರೀಗಂಧವನ್ನು ಅರೆಪರಾವಲಂಬಿ ಸಸ್ಯವೆಂದು ಕರೆಯಲಾಗಿದೆ. ಇದನ್ನು ಒಂಟಿಯಾಗಿ ನೆಟ್ಟಲ್ಲಿ ಗಿಡವು ಸೊರಗುತ್ತದೆ. ತೊಗರಿ, ಹೊಂಗೆ, ಸರ್ವೆ ಮುಂತಾದ ಆಸರೆ ಗಿಡಗಳ ಜೊತೆಯಲ್ಲಿ ನೆಟ್ಟಲ್ಲಿ ಚೆನ್ನಾಗಿ ಬೆಳೆಯುತ್ತದೆ.

ಚಿರತೆಯ ಕುಲದಲ್ಲಿಯೇ ಹುಲಿ ಮತ್ತು ಸಿಂಹಗಳೂ ಸೇರಿವೆ. ಆದರೆ ಆಹಾರ ಮತ್ತು ನೆಲೆಯ ವಿಷಯದಲ್ಲಿ ಚಿರತೆಯು ಅವೆರಡಕ್ಕಿಂತ ಹೆಚ್ಚು ಹೊಂದಿಕೊಳ್ಳಬಲ್ಲದು. ಜಿಂಕೆ, ಕಾಡುಹಂದಿಗಳಿಲ್ಲದ ಕಡೆ ಬೀದಿನಾಯಿ, ಮೇಕೆ, ಕುರಿಗಳನ್ನು ಹಿಡಿದು ಬದುಕುತ್ತದೆ. ದಟ್ಟ ಅರಣ್ಯವಿಲ್ಲದ ಕಡೆ ಕಬ್ಬಿನ ತೋಟ, ಬಂಡೆಗಳ ಸಂದು, ಪಾಳುಬಿದ್ದ ಕಲ್ಲುಗಣಿಗಳಲ್ಲಿ ಆಶ್ರಯ ಪಡೆಯುತ್ತದೆ.

3. ಹೆಸರಿನಲ್ಲಿ ಆಗುವ ಗೊಂದಲ

ಅರ್ಜಿಯಲ್ಲಿ ಜೀವಿಯ ಹೆಸರನ್ನು ಸರಿಯಾಗಿ ನಮೂದಿಸುವುದು ಅಗತ್ಯ. ರಕ್ತಚಂದನವು ಶ್ರೀಗಂಧದ ಒಂದು ಬಗೆಯೆಂದು ಹಲವರು ಭಾವಿಸಿದ್ದಾರೆ. ಇದು ಸರಿಯಲ್ಲ. ರಕ್ತಚಂದನವು ಹೊಂಗೆ, ಹುರುಳಿ, ತೊಗರಿಗಳಂತೆ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಬೇರೆಯೇ ಮರವಾಗಿದ್ದು, ಅದರ ಸಾಗಣೆ ಮತ್ತು ಮಾರಾಟದ ನಿಯಮಗಳೂ ಬೇರೆ ಇರುತ್ತವೆ.

ಅದೇ ರೀತಿ ಚೀತಾ ಮತ್ತು ಕತ್ತೆಕಿರುಬಗಳು ಚಿರತೆಯಲ್ಲ. ಚೀತಾ ಪ್ರಾಣಿಯು ಭಾರತದಲ್ಲಿ ನಿರ್ನಾಮವಾಗಿರುವುದಾಗಿ 1952ರಲ್ಲಿ ಘೋಷಿಸಲಾಗಿತ್ತು; 2022ರಲ್ಲಿ ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ಆಫ್ರಿಕಾದಿಂದ ತಂದು ಬಿಡಲಾಯಿತು. ಕತ್ತೆಕಿರುಬವು ಬೆಕ್ಕಿನ ಕುಟುಂಬಕ್ಕೆ ಸೇರಿದ ಪ್ರಾಣಿಯಲ್ಲ. ಹೆಜ್ಜೆ ಗುರುತನ್ನು ಪರಿಶೀಲಿಸುವಾಗ ಈ ವ್ಯತ್ಯಾಸವು ನೆರವಾಗುತ್ತದೆ. ಚಿರತೆಯು ನಡೆಯುವಾಗ ಉಗುರುಗಳನ್ನು ಒಳಗೆ ಎಳೆದುಕೊಳ್ಳುವುದರಿಂದ ಸಾಮಾನ್ಯವಾಗಿ ಅದರ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುವುದಿಲ್ಲ. ನಾಯಿ ಮತ್ತು ಕತ್ತೆಕಿರುಬಗಳ ಹೆಜ್ಜೆಯಲ್ಲಿ ಉಗುರಿನ ಗುರುತು ಕಾಣುತ್ತದೆ. ಹೆಜ್ಜೆ ಗುರುತು ಕಂಡುಬಂದಲ್ಲಿ ಅದರ ಮೇಲೆ ಬುಟ್ಟಿ ಅಥವಾ ಬಾಣಲೆಯನ್ನು ಬೋರಲಾಗಿ ಮುಚ್ಚಿಟ್ಟು ಅರಣ್ಯ ಸಿಬ್ಬಂದಿಗೆ ತಿಳಿಸುವುದು ಉತ್ತಮ.

4. ಕೆಂಪು ಪಟ್ಟಿಯಲ್ಲಿನ ಸ್ಥಾನ

ಐಯುಸಿಎನ್ ಎಂಬ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಪ್ರಕಟಿಸುವ ಕೆಂಪು ಪಟ್ಟಿಯಲ್ಲಿ ಶ್ರೀಗಂಧವನ್ನು 1998ರಲ್ಲಿ ‘ದುರ್ಬಲ’ ದರ್ಜೆಗೆ ಸೇರಿಸಲಾಯಿತು. ಚಿರತೆಯನ್ನು 2016ರಲ್ಲಿ ಅದೇ ದರ್ಜೆಗೆ ಸೇರಿಸಲಾಯಿತು. ಒಂದು ಜೀವಿಯ ಸಂಖ್ಯೆಯು ಹತ್ತು ವರ್ಷಗಳಲ್ಲಿ ಅಥವಾ ಅದರ ಮೂರು ತಲೆಮಾರುಗಳ ಅವಧಿಯಲ್ಲಿ, ಇವುಗಳಲ್ಲಿ ಯಾವುದು ಹೆಚ್ಚೋ ಆ ಅವಧಿಯಲ್ಲಿ, ಶೇ. 30ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿದಿರುವುದು ಈ ದರ್ಜೆಗೆ ಸೇರಿಸಲು ಇರುವ ಮಾನದಂಡಗಳಲ್ಲೊಂದು. ಈ ಪಟ್ಟಿಯು ಅಪಾಯದ ಪ್ರಮಾಣವನ್ನು ತಿಳಿಸುತ್ತದೆಯೇ ಹೊರತು ಶಿಕ್ಷೆಯನ್ನಾಗಲೀ ಪರವಾನಗಿಯನ್ನಾಗಲೀ ನಿಗದಿಪಡಿಸುವುದಿಲ್ಲ. ಅವುಗಳನ್ನು ನಿಗದಿಪಡಿಸುವುದು ದೇಶದ ಮತ್ತು ರಾಜ್ಯದ ಕಾಯ್ದೆಗಳು.

ಎರಡರ ಸಂಖ್ಯೆ ಇಳಿಯಲು ಕಾರಣಗಳೂ ಬೇರೆ ಬೇರೆ. ಶ್ರೀಗಂಧದ ಬೆಲೆಯು ಅದರ ಚೇಗಿನಲ್ಲಿರುವ ಎಣ್ಣೆಯಿಂದ ಬರುತ್ತದೆ. ಚೇಗು ಕಟ್ಟಲು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಸಮಯ ಬೇಕು. ಒಳ್ಳೆಯ ಆದಾಯ ಬರಲು ಹದಿನೈದು ಇಪ್ಪತ್ತು ವರ್ಷಗಳಾದರೂ ಕಾಯಬೇಕು. ಬೇರಿನಲ್ಲಿಯೂ ಎಣ್ಣೆ ಇರುವುದರಿಂದ ಮರವನ್ನು ಬುಡಸಮೇತ ಕೀಳಲಾಗುತ್ತದೆ. ಕಳ್ಳರು ಬಲಿಯದ ಮರಗಳನ್ನೂ ಬಿಡದಿರುವುದರಿಂದ ಬೀಜ ಬಿಡುವ ಮರಗಳು ಕಡಿಮೆಯಾದವು. ಇದರೊಂದಿಗೆ 19ನೆಯ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗವು ಮೈಸೂರು ಸೀಮೆಯ ಶ್ರೀಗಂಧಕ್ಕೂ ಹರಡಿತು. ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗವನ್ನು ರಸ ಹೀರುವ ಕೀಟಗಳು ಹರಡುತ್ತವೆ. ರೋಗ ತಗುಲಿದ ಗಿಡದ ಎಲೆಗಳು ಸಣ್ಣದಾಗಿ ಗೊಂಚಲುಗಟ್ಟಿ, ಕೆಲವು ವರ್ಷಗಳಲ್ಲಿ ಗಿಡವು ಸಾಯುತ್ತದೆ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಶ್ರೀಗಂಧದ ಬಗ್ಗೆ ಸಂಶೋಧನೆ ನಡೆಯುತ್ತಿದೆ.

ಚಿರತೆಯ ಸಾವಿಗೆ ಉರುಳು, ವಿಷಪ್ರಾಶನ, ಅಕ್ರಮ ವಿದ್ಯುತ್ ತಂತಿ, ರಸ್ತೆ ಅಪಘಾತ ಮತ್ತು ಕಳ್ಳಬೇಟೆಗಳು ಪ್ರಮುಖ ಕಾರಣಗಳಾಗಿವೆ. 2022ರ ಗಣತಿಯ ವರದಿಯಂತೆ ದೇಶದಲ್ಲಿ ಅಂದಾಜು 13,874 ಹಾಗೂ ಕರ್ನಾಟಕದಲ್ಲಿ 1,879 ಚಿರತೆಗಳಿವೆ. 2018ರಲ್ಲಿ ಈ ಸಂಖ್ಯೆಗಳು ಕ್ರಮವಾಗಿ 12,852 ಮತ್ತು 1,783 ಆಗಿದ್ದವು. ಸ್ವಯಂಚಾಲಿತ ಕ್ಯಾಮೆರಾಗಳಲ್ಲಿ ಸೆರೆಯಾದ ಚಿತ್ರಗಳಿಂದ ಈ ಅಂದಾಜನ್ನು ಮಾಡಲಾಗುತ್ತದೆ. ಮನುಷ್ಯರ ಬೆರಳಚ್ಚಿನಂತೆ ಪ್ರತಿ ಚಿರತೆಯ ಮೈಮೇಲಿನ ಚುಕ್ಕೆಗಳ ವಿನ್ಯಾಸವೂ ಬೇರೆಯಾಗಿರುತ್ತದೆ. ಸದರಿ ಗಣತಿಯು ಮುಖ್ಯವಾಗಿ ಹುಲಿಗಳಿರುವ ರಾಜ್ಯಗಳ ಅರಣ್ಯ ಪ್ರದೇಶಗಳಿಗೆ ಸಂಬಂಧಿಸಿದ್ದು, ತಿ. ನರಸೀಪುರದಂತಹ ಕೃಷಿ ಪ್ರದೇಶಗಳಲ್ಲಿರುವ ಚಿರತೆಗಳ ಪೂರ್ಣ ಲೆಕ್ಕ ಅದರಲ್ಲಿ ಸೇರುವುದಿಲ್ಲ.

5. ಕಾನೂನು ಮತ್ತು ಒಡೆತನ

5.1 ಶ್ರೀಗಂಧ: ಟಿಪ್ಪು ಸುಲ್ತಾನನ ಆಡಳಿತದ ಕಾಲದಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಲಾಗಿತ್ತು. ಒಡೆಯರ ಆಡಳಿತದಲ್ಲಿಯೂ, ನಂತರ ರಾಜ್ಯ ಸರ್ಕಾರದಲ್ಲಿಯೂ ಈ ಹಕ್ಕು ಮುಂದುವರೆಯಿತು. ಮೈಸೂರು ಸಂಸ್ಥಾನವು 1916-17ರ ಅವಧಿಯಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆಗಳನ್ನು ಸ್ಥಾಪಿಸಿತು. ಆದರೆ ರೈತನ ಜಮೀನಿನಲ್ಲಿ ತಾನಾಗಿ ಹುಟ್ಟಿದ ಶ್ರೀಗಂಧವೂ ಸರ್ಕಾರದ ಸ್ವತ್ತಾಗಿದ್ದು, ಅದನ್ನು ಕಾಯುವ ಹೊಣೆ ಮಾತ್ರ ರೈತನದಾಗಿತ್ತು. ಮರವು ಕಳುವಾದಲ್ಲಿ ರೈತನೇ ಉತ್ತರಿಸಬೇಕಾಗಿದ್ದುದರಿಂದ ಜಮೀನಿನಲ್ಲಿ ಗಂಧದ ಸಸಿ ಬೆಳೆಸಲು ಜನರು ಹಿಂಜರಿಯುತ್ತಿದ್ದರು. ಕರ್ನಾಟಕ ಅರಣ್ಯ ಕಾಯ್ದೆ 1963ಕ್ಕೆ 2001ರಲ್ಲಿ ಮಾಡಿದ ತಿದ್ದುಪಡಿಯಿಂದ ಜಮೀನಿನ ಮಾಲೀಕನೇ ತನ್ನ ಜಮೀನಿನಲ್ಲಿರುವ ಶ್ರೀಗಂಧದ ಮರಗಳಿಗೆ ಹಕ್ಕುದಾರನಾದನು. ಆದರೆ ಕಟಾವು, ಸಾಗಣೆ ಮತ್ತು ಮಾರಾಟಗಳು ಇಂದಿಗೂ ಕಾಯ್ದೆಯ ನಿಯಂತ್ರಣಕ್ಕೆ ಒಳಪಟ್ಟಿವೆ. ಅನುಮತಿಯಿಲ್ಲದೆ ಸ್ವಂತ ಜಮೀನಿನ ಶ್ರೀಗಂಧದ ಮರವನ್ನು ಕಡಿಯುವುದೂ ಅಪರಾಧವಾಗುತ್ತದೆ.

5.2 ಚಿರತೆ: ಚಿರತೆಯು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 1ನೆಯ ಅನುಸೂಚಿಯಲ್ಲಿ ಸೇರಿದೆ. ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ 1ನೆಯ ಅನುಬಂಧದಲ್ಲಿಯೂ ಸೇರಿದೆ. ಕಾಯ್ದೆಯ 9ನೆಯ ಪ್ರಕರಣದಂತೆ ಇದರ ಬೇಟೆಯು ನಿಷಿದ್ಧ. ಕೊಲ್ಲುವುದಷ್ಟೇ ಅಲ್ಲದೆ ಉರುಳು ಹಾಕುವುದು, ಬಲೆಗೆ ಕೆಡವುವುದು ಮತ್ತು ವಿಷವಿಡುವುದೂ ಬೇಟೆಯೇ ಆಗುತ್ತದೆ. 1ನೆಯ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 3 ವರ್ಷಗಳಿಗೆ ಕಡಿಮೆಯಿಲ್ಲದ, 7 ವರ್ಷಗಳವರೆಗಿನ ಸೆರೆವಾಸವಿದೆ. 2022ರ ತಿದ್ದುಪಡಿಯಂತೆ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡವೂ ಇರುತ್ತದೆ. ಚಿರತೆಯು ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದಲ್ಲಿ 11ನೆಯ ಪ್ರಕರಣದಂತೆ ಕ್ರಮ ಕೈಗೊಳ್ಳುವ ಅಧಿಕಾರವು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇರುತ್ತದೆ. ಅವರು ಮೊದಲು ಸೆರೆಹಿಡಿಯುವ ಮತ್ತು ಸ್ಥಳಾಂತರಿಸುವ ಸಾಧ್ಯತೆಯನ್ನು ಪರಿಶೀಲಿಸಬೇಕು.

ಸತ್ತು ಬಿದ್ದಿರುವ ಚಿರತೆ, ಅದರ ಚರ್ಮ, ಉಗುರು ಮತ್ತು ಹಲ್ಲುಗಳು ಸರ್ಕಾರದ ಸ್ವತ್ತಾಗಿರುತ್ತವೆ. ಅಂತಹ ವಸ್ತುವು ಯಾರಿಗಾದರೂ ದೊರೆತಲ್ಲಿ 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸತಕ್ಕದ್ದು.

ಹೀಗೆ, ಶ್ರೀಗಂಧದ ವಿಷಯದಲ್ಲಿ ಕಾನೂನು ರೈತನಿಗೆ ಒಡೆತನವನ್ನು ನೀಡಿ ಬೆಳೆಸಲು ಪ್ರೋತ್ಸಾಹಿಸುತ್ತದೆ. ಚಿರತೆಯ ವಿಷಯದಲ್ಲಿ ಯಾರಿಗೂ ಒಡೆತನವನ್ನು ನೀಡದೆ, ಆಗುವ ನಷ್ಟಕ್ಕೆ ಪರಿಹಾರಧನ ಪಾವತಿಸುವ ಹೊಣೆಯನ್ನು ಸರ್ಕಾರವೇ ಹೊತ್ತುಕೊಂಡಿದೆ. ಮರವು ನೆಟ್ಟ ಜಾಗದಲ್ಲಿಯೇ ಇರುತ್ತದೆ, ಪಹಣಿಯಲ್ಲಿ ಎಣಿಕೆಗೆ ಸಿಗುತ್ತದೆ. ಚಿರತೆಯು ಒಂದೇ ರಾತ್ರಿಯಲ್ಲಿ ಹಲವು ಗ್ರಾಮಗಳ ಗಡಿಯನ್ನು ದಾಟುತ್ತದೆ. ಎರಡು ಕಾಯ್ದೆಗಳ ದಾರಿ ಬೇರೆಯಾಗಿರಲು ಇದೇ ಕಾರಣ.

6. ತಿ. ನರಸೀಪುರ ತಾಲ್ಲೂಕಿನ ಘಟನೆಗಳು

2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗಿನ ಅವಧಿಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಯಿಂದ ನಾಲ್ವರು ಮೃತಪಟ್ಟರು. ಮೃತರಲ್ಲಿ ವಿದ್ಯಾರ್ಥಿಗಳೂ ಓರ್ವ ಬಾಲಕನೂ ಇದ್ದರು. ಜನರು ಸಂಜೆಯಾದ ನಂತರ ಹೊರಗೆ ಬರಲು ಭಯಪಡುವ ಪರಿಸ್ಥಿತಿ ಉಂಟಾಯಿತು. ಇದರ ನಂತರ ಮೈಸೂರು ಜಿಲ್ಲೆಗೆ ಚಿರತೆ ಕಾರ್ಯಪಡೆಯನ್ನು ರಚಿಸಲಾಯಿತು. ವನ್ಯಪ್ರಾಣಿ ದಾಳಿಯಿಂದ ಪ್ರಾಣಹಾನಿಯಾದಲ್ಲಿ ನೀಡುವ ಪರಿಹಾರಧನವನ್ನು 7.50 ಲಕ್ಷ ರೂಪಾಯಿಗಳಿಂದ 15 ಲಕ್ಷ ರೂಪಾಯಿಗಳಿಗೆ ಹೆಚ್ಚಿಸಲಾಯಿತು. ಈ ದರಗಳು ಸರ್ಕಾರದ ಆದೇಶದಂತೆ ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತವೆ.

ಇರುವ ಚಿರತೆಗಳನ್ನೆಲ್ಲ ಹಿಡಿದು ಬೇರೆಡೆಗೆ ಸಾಗಿಸಬೇಕೆಂಬ ಕೋರಿಕೆಯು ಸಾರ್ವಜನಿಕರಿಂದ ಬರುವುದು ಸಹಜ. ಮನುಷ್ಯರ ಮೇಲೆ ದಾಳಿ ಮಾಡಿದ ಚಿರತೆಯನ್ನು ಸೆರೆಹಿಡಿಯಲೇಬೇಕಾಗುತ್ತದೆ. ಆದರೆ ಒಂದು ಚಿರತೆ ತೆರವು ಮಾಡಿದ ನೆಲೆಗೆ ಆಹಾರ ಮತ್ತು ಆಶ್ರಯ ಇರುವವರೆಗೆ ಮತ್ತೊಂದು ಚಿರತೆ ಬಂದು ಸೇರುವುದು ಸಾಮಾನ್ಯ. ಆದುದರಿಂದ ಬೋನು ಇಡುವುದರ ಜೊತೆಗೆ ಬೀದಿನಾಯಿಗಳ ಹಾವಳಿಯನ್ನು, ಕೋಳಿ ಹಾಗೂ ಮಾಂಸದ ತ್ಯಾಜ್ಯವನ್ನು ಊರಂಚಿನಲ್ಲಿ ಸುರಿಯುವುದನ್ನು ತಡೆಯುವುದು ಗ್ರಾಮದ ಸುರಕ್ಷತೆಗೆ ಅಷ್ಟೇ ಮುಖ್ಯ.

7. ಎರಡೂ ಒಂದೇ ಜಮೀನಿನಲ್ಲಿದ್ದಾಗ

ಶ್ರೀಗಂಧ ಬೆಳೆಗಾರರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಕಳ್ಳರಿಂದ ಅಥವಾ ಕಾಡುಹಂದಿಗಳಿಂದ ಬೆಳೆಯನ್ನು ಕಾಪಾಡಲು ಬೇಲಿಗೆ ನೇರವಾಗಿ ವಿದ್ಯುತ್ ಹಾಯಿಸುವುದು ಅಪಾಯಕರ ಹಾಗೂ ಕಾನೂನುಬಾಹಿರ. ಅಂತಹ ತಂತಿಗೆ ಚಿರತೆ ಸಿಕ್ಕಿ ಸತ್ತಲ್ಲಿ ಜಮೀನಿನ ಮಾಲೀಕನ ಮೇಲೆ ವನ್ಯಜೀವಿ ಕಾಯ್ದೆಯಡಿ ಮೊಕದ್ದಮೆ ದಾಖಲಾಗುತ್ತದೆ. ನೆರೆಯ ಜಮೀನಿನವರಾಗಲೀ ಮನೆಯವರಾಗಲೀ ಸಿಕ್ಕಿ ಪ್ರಾಣ ಕಳೆದುಕೊಳ್ಳುವ ಸಂಭವವೂ ಇದೆ. ಹದಿನೈದು ವರ್ಷ ಕಾದು ಬೆಳೆಸಿದ ಮರದ ಆದಾಯ ಕೈಗೆ ಬರುವ ಮೊದಲೇ ರೈತನು ನ್ಯಾಯಾಲಯಕ್ಕೆ ಅಲೆಯುವಂತಾಗಬಾರದು. ಇದಕ್ಕೆ ಬದಲಾಗಿ ನಿಗದಿತ ಗುಣಮಟ್ಟದ ಸೌರಶಕ್ತಿ ಬೇಲಿಯನ್ನು ಅಳವಡಿಸಿಕೊಳ್ಳಬಹುದು. ಇದರಲ್ಲಿ ಕ್ಷಣಮಾತ್ರ ಹರಿಯುವ ವಿದ್ಯುತ್ತಿನಿಂದ ಪ್ರಾಣಿಯು ಬೆದರಿ ದೂರ ಹೋಗುತ್ತದೆಯೇ ಹೊರತು ಸಾಯುವುದಿಲ್ಲ. ಉರುಳುಗಳನ್ನು ಯಾವ ಕಾರಣಕ್ಕೂ ಹಾಕತಕ್ಕದ್ದಲ್ಲ.

8. ಶ್ರೀಗಂಧಕ್ಕೆ ಸಂಬಂಧಿಸಿದ ಸೇವೆಗಳು

(ಅ) ಸಸಿಗಳು: ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಲಭ್ಯತೆಯ ಮೇರೆಗೆ ಸಸಿಗಳನ್ನು ರಿಯಾಯಿತಿ ದರದಲ್ಲಿ ಪಡೆಯಬಹುದು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ನೋಂದಾಯಿಸಿದ ರೈತರಿಗೆ ಬದುಕುಳಿದ ಸಸಿಗಳ ಸಂಖ್ಯೆಗೆ ಅನುಗುಣವಾಗಿ ಮೂರು ವರ್ಷಗಳವರೆಗೆ ಪ್ರೋತ್ಸಾಹಧನ ದೊರೆಯುತ್ತದೆ.

(ಆ) ದಾಖಲೆ: ಜಮೀನಿನಲ್ಲಿರುವ ಶ್ರೀಗಂಧದ ಮರಗಳ ಸಂಖ್ಯೆಯನ್ನು ಪಹಣಿಯಲ್ಲಿ ನಮೂದಿಸಿಕೊಳ್ಳುವುದು ಬೆಳೆಗಾರರ ಹಿತದೃಷ್ಟಿಯಿಂದ ಅಗತ್ಯ. ಕಳುವಾದಲ್ಲಿ ದೂರು ನೀಡಲು, ಕಟಾವಿನ ಸಮಯದಲ್ಲಿ ಹಕ್ಕನ್ನು ಸ್ಥಾಪಿಸಲು ಇದೇ ಆಧಾರವಾಗುತ್ತದೆ.

(ಇ) ಕಟಾವು ಅನುಮತಿ: ಪಹಣಿ, ಜಮೀನಿನ ನಕ್ಷೆ ಮತ್ತು ಗುರುತಿನ ದಾಖಲೆಗಳೊಂದಿಗೆ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸತಕ್ಕದ್ದು. ಸ್ಥಳ ತನಿಖೆ ಮತ್ತು ಮರಗಳ ಗುರುತು ಹಾಕುವ ಕೆಲಸ ಮುಗಿದು ಲಿಖಿತ ಅನುಮತಿ ಕೈಸೇರುವವರೆಗೆ ಮರವನ್ನು ಮುಟ್ಟತಕ್ಕದ್ದಲ್ಲ.

(ಈ) ಸಾಗಣೆ ಮತ್ತು ಮಾರಾಟ: ಪರವಾನಗಿಯಿಲ್ಲದೆ ಸಾಗಿಸುವಂತಿಲ್ಲ. ಮಾರಾಟದ ನಿಯಮಗಳಿಗೆ ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಮಧ್ಯವರ್ತಿಗಳೊಂದಿಗೆ ಮುಂಗಡ ಒಪ್ಪಂದ ಮಾಡಿಕೊಳ್ಳುವ ಮೊದಲು ಚಾಲ್ತಿಯಲ್ಲಿರುವ ನಿಯಮವನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.

9. ಚಿರತೆಗೆ ಸಂಬಂಧಿಸಿದ ಸೇವೆಗಳು

(ಅ) ಜಾನುವಾರು ಹಾನಿ: ಸತ್ತ ಜಾನುವಾರನ್ನು ಇದ್ದ ಜಾಗದಿಂದ ಕದಲಿಸದೆ ಕೂಡಲೇ ಅರಣ್ಯ ಸಿಬ್ಬಂದಿಗೆ ತಿಳಿಸುವುದು. ಸ್ಥಳ ಮಹಜರು, ಛಾಯಾಚಿತ್ರ ಮತ್ತು ಪಶುವೈದ್ಯಾಧಿಕಾರಿಗಳ ಪ್ರಮಾಣಪತ್ರಗಳು ಪರಿಹಾರಧನಕ್ಕೆ ಮುಖ್ಯ ಆಧಾರ. ಕಳೇಬರಕ್ಕೆ ವಿಷ ಹಾಕುವುದು ಗಂಭೀರ ಅಪರಾಧ.

(ಆ) ಗಾಯ ಅಥವಾ ಪ್ರಾಣಹಾನಿ: ಗಾಯಾಳುವನ್ನು ತಕ್ಷಣ ಆಸ್ಪತ್ರೆಗೆ ಸೇರಿಸುವುದು ಮೊದಲ ಕೆಲಸ. ಚಿಕಿತ್ಸೆಯ ದಾಖಲೆಗಳನ್ನು ಕಾಯ್ದಿರಿಸಿಕೊಳ್ಳುವುದು. ಪ್ರಾಣಹಾನಿಯಾದಲ್ಲಿ ಪೊಲೀಸ್ ದೂರಿನ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ವಾರಸುದಾರರ ದಾಖಲೆ ಮತ್ತು ಬ್ಯಾಂಕ್ ಖಾತೆಯ ವಿವರಗಳು ಬೇಕಾಗುತ್ತವೆ.

(ಇ) ಮರಿಗಳು ಕಂಡುಬಂದಲ್ಲಿ: ಕಬ್ಬು ಕಟಾವಿನ ವೇಳೆ ಮರಿಗಳು ಕಂಡುಬಂದಲ್ಲಿ ಕೆಲಸ ನಿಲ್ಲಿಸಿ ದೂರ ಸರಿಯುವುದು. ಅವುಗಳನ್ನು ಮುಟ್ಟುವುದಾಗಲೀ ಮನೆಗೆ ಒಯ್ಯುವುದಾಗಲೀ ಮಾಡತಕ್ಕದ್ದಲ್ಲ. ತಾಯಿಯು ಸಮೀಪದಲ್ಲಿಯೇ ಇರುತ್ತದೆ. ತೊಂದರೆಯಾಗದಿದ್ದಲ್ಲಿ ಸಾಮಾನ್ಯವಾಗಿ ರಾತ್ರಿ ವೇಳೆಯಲ್ಲಿ ಮರಿಗಳನ್ನು ಕೊಂಡೊಯ್ಯುತ್ತದೆ.

(ಈ) ಬಾವಿ, ಮನೆ ಅಥವಾ ಕೊಟ್ಟಿಗೆಯಲ್ಲಿ ಚಿರತೆ ಸಿಕ್ಕಿಕೊಂಡಲ್ಲಿ: ಗುಂಪು ಸೇರಿ ಗದ್ದಲ ಮಾಡದೆ, ಕಲ್ಲು ಹೊಡೆಯದೆ ಅರಣ್ಯ ಸಿಬ್ಬಂದಿ ಬರುವವರೆಗೆ ದೂರದಲ್ಲಿರುವುದು. ಹೆದರಿದ ಚಿರತೆಯು ತಪ್ಪಿಸಿಕೊಳ್ಳುವ ಭರದಲ್ಲಿ ಎದುರಿಗೆ ಬಂದವರ ಮೇಲೆ ಎರಗುತ್ತದೆ.

(ಉ) ಮುನ್ನೆಚ್ಚರಿಕೆ: ಸಂಜೆಯ ನಂತರ ಮಕ್ಕಳನ್ನು ಒಂಟಿಯಾಗಿ ಅಂಗಡಿಗಾಗಲೀ ಜಮೀನಿಗಾಗಲೀ ಕಳುಹಿಸಬಾರದು. ರಾತ್ರಿ ನೀರು ಹಾಯಿಸಲು ಹೋಗುವವರು ಟಾರ್ಚ್ ಹಿಡಿದು, ಜೊತೆಗೂಡಿ, ಮಾತನಾಡುತ್ತ ಹೋಗುವುದು. ಕುರಿ ಮೇಕೆಗಳನ್ನು ಬಾಗಿಲು ಮತ್ತು ಮೇಲ್ಛಾವಣಿ ಇರುವ ಭದ್ರವಾದ ಕೊಟ್ಟಿಗೆಯಲ್ಲಿ ಕಟ್ಟುವುದು.

10. ಸಂಪರ್ಕ

ಸಾರ್ವಜನಿಕರು ನಂಜನಗೂಡು ಮತ್ತು ತಿ. ನರಸೀಪುರದ ವಲಯ ಅರಣ್ಯಾಧಿಕಾರಿಗಳ ಕಚೇರಿಗಳನ್ನು, ಬಂಡೀಪುರದ ಅಂಚಿನ ಗ್ರಾಮಸ್ಥರು ಹೆಡಿಯಾಲ ವಲಯ ಕಚೇರಿಯನ್ನು ಸಂಪರ್ಕಿಸಬಹುದು. ಅರಣ್ಯ ಇಲಾಖೆಯ ಉಚಿತ ಸಹಾಯವಾಣಿ ಸಂಖ್ಯೆ 1926. ಅರ್ಜಿ ಸಲ್ಲಿಸಿದಾಗ ತಪ್ಪದೆ ಸ್ವೀಕೃತಿ ಪತ್ರವನ್ನು ಪಡೆದುಕೊಳ್ಳತಕ್ಕದ್ದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ 2011ರ ವ್ಯಾಪ್ತಿಗೆ ಒಳಪಟ್ಟ ಸೇವೆಗಳು ನಿಗದಿತ ಅವಧಿಯಲ್ಲಿ ದೊರೆಯದಿದ್ದಲ್ಲಿ, ಸ್ವೀಕೃತಿ ಪತ್ರದಲ್ಲಿರುವ ಸಕಾಲ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಲು ಅವಕಾಶವಿರುತ್ತದೆ.

ಗಂಧದ ಸಸಿ ನೆಟ್ಟ ರೈತರು ಇಂದೇ ತಮ್ಮ ಪಹಣಿಯನ್ನು ಪರಿಶೀಲಿಸಿ ಮರಗಳ ನಮೂದು ಇದೆಯೇ ಎಂದು ನೋಡಿಕೊಳ್ಳುವುದು. ಚಿರತೆಯ ಹೆಜ್ಜೆ ಕಂಡವರು ಗಾಳಿಸುದ್ದಿ ಹರಡದೆ ಮೊದಲು ಸಹಾಯವಾಣಿಗೆ ಕರೆ ಮಾಡುವುದು. ಈ ಎರಡೂ ವಿಷಯಗಳಲ್ಲಿ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.